ನದಿ, ನಾಲೆ, ಕೆರೆ, ಕಡಲು: ಇಂಗ್ಲಿಷಿನಲ್ಲಿ ಇನ್ ಯಾವಾಗ, ಆನ್ ಯಾವಾಗ?

ಪದೇ ಪದೇ ಕೇಳುವ ಪ್ರಶ್ನೆಗಳು

ಇಂಗ್ಲಿಷಿನಲ್ಲಿ ಸಲೀಸಾಗಿ ಬರೆಯುವವರೂ ನದಿಯ ಹೆಸರು ಬಂದ ಕೂಡಲೇ ಒಂದು ಕ್ಷಣ ತಡೆಯುತ್ತಾರೆ. ಹೆಸರಿನ ಹಿಂದೆ ಯಾವ ಪ್ರೆಪೊಸಿಷನ್ ಹಾಕೋದು? ಪತ್ರಗಳಲ್ಲಿ, ಮಾತಿನ ನಡುವೆ ಮತ್ತೆ ಮತ್ತೆ ಬಂದ ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಟ್ಟು ಉತ್ತರ ಬರೆದಿದ್ದೇನೆ. ಇಂಗ್ಲಿಷ್ ಪದಗಳೂ ಕನ್ನಡ ಲಿಪಿಯಲ್ಲೇ ಇವೆ. ಹಾಗಾಗಿ ಒಂದೇ ‘ಎಫ್’ ಇರುವ ಪದವನ್ನು ‘ಆವ್’ ಎಂದೂ, ಎರಡು ‘ಎಫ್’ ಇರುವುದನ್ನು ‘ಆಫ್’ ಎಂದೂ ಬರೆದಿದ್ದೇನೆ. ಇವೆರಡರ ಗೊಂದಲ ಮುಂದೆ ಬರಲಿದೆ.

## ಮೊದಲು ಇಷ್ಟು

ಕಾವೇರಿಯಲ್ಲಿ ಅನ್ನೋದಕ್ಕೆ ‘ಇನ್ ದ ಕಾವೇರಿ’ನಾ, ‘ಆನ್ ದ ಕಾವೇರಿ’ನಾ?

ಎರಡೂ ಇವೆ, ಅರ್ಥ ಬೇರೆ ಬೇರೆ. ನಮ್ಮ ‘ಅಲ್ಲಿ’ ಬಹಳ ಧಾರಾಳಿ. ಕಾವೇರಿಯಲ್ಲಿ ಮೀನಿದೆ, ಕಾವೇರಿಯಲ್ಲಿ ದೋಣಿ ಹೋಗುತ್ತಿದೆ, ಕಾವೇರಿ ದಡದಲ್ಲಿ ಊರಿದೆ: ಮೂರಕ್ಕೂ ಅದೊಂದೇ ಸಾಕು. ಇಂಗ್ಲಿಷ್ ಅಷ್ಟಕ್ಕೆ ಬಿಡುವುದಿಲ್ಲ. ಈ ವಾಕ್ಯದಲ್ಲಿ ನದಿ ನಿಮ್ಮ ಕಣ್ಣಿಗೆ ಹೇಗೆ ಕಾಣುತ್ತಿದೆ ಅಂತ ಕೇಳುತ್ತದೆ. ಬರೀ ನೀರಾಗಿ ಕಂಡರೆ ‘ಇನ್’. ನೀರಿನ ಮೇಲ್ಮೈಯಾಗಿ, ಇಲ್ಲವೇ ನಕ್ಷೆಯಲ್ಲಿ ಎಳೆದ ಗೆರೆಯಾಗಿ ಕಂಡರೆ ‘ಆನ್’. ದಾಟಬೇಕಾದ ಅಡ್ಡಿಯಾಗಿ ಕಂಡರೆ ‘ಓವರ್’ ಅಥವಾ ‘ಅಕ್ರಾಸ್’.

ಹಾಗಾಗಿ ಮೀನು ‘ಇನ್ ದ ಕಾವೇರಿ’. ದೋಣಿ ‘ಆನ್ ದ ಕಾವೇರಿ’. ದಡದ ಊರೂ ‘ಆನ್ ದ ಕಾವೇರಿ’. ಯಾವ ನದಿಗೆ ಯಾವ ಪ್ರೆಪೊಸಿಷನ್ ಅಂತ ಪಟ್ಟಿ ಮಾಡಿ ಬಾಯಿಪಾಠ ಮಾಡೋದು ಸುಮ್ನೆ ದಂಡ. ನದಿ ಅದೇ ಇರುತ್ತದೆ, ನೋಟ ಬದಲಾದ ಹಾಗೆ ಪದ ಬದಲಾಗುತ್ತದೆ.

‘ಆನ್’ ಅಂದ್ರೆ ‘ಮೇಲೆ’ ಅಲ್ವಾ? ಊರು ನದಿ ಮೇಲೆ ಹೇಗಿರುತ್ತೆ?

ತೇಲುವ ಊರು ಅಂತ ಯಾವ ಇಂಗ್ಲಿಷ್ ಓದುಗನೂ ಅಂದುಕೊಳ್ಳುವುದಿಲ್ಲ. ‘ಆನ್’ ಪದಕ್ಕೆ ‘ತಾಗಿಕೊಂಡು’ ಅನ್ನುವ ಅರ್ಥವೂ ಇದೆ. ಉದ್ದಕ್ಕೆ ಹೋಗುವ ಯಾವುದೇ ಗೆರೆಗೆ ತಾಗಿಕೊಂಡಿದ್ದರೆ ‘ಆನ್’: ‘ಆನ್ ದ ಬಾರ್ಡರ್’, ‘ಆನ್ ದ ಕೋಸ್ಟ್’. ನಾವೂ ‘ಹೈವೇ ಮೇಲೆ ಒಂದು ಡಾಬಾ ಇದೆ’ ಅಂತೀವಿ. ಡಾಬಾ ಟಾರಿನ ಮೇಲೆ ಕಟ್ಟಿದ್ದಾರೆ ಅಂತ ಯಾರೂ ಗಾಬರಿಯಾಗುವುದಿಲ್ಲ.

ಶಿವಮೊಗ್ಗ ‘ಆನ್ ದ ತುಂಗಾ’, ನಂಜನಗೂಡು ‘ಆನ್ ದ ಕಬಿನಿ’, ಲಂಡನ್ ‘ಆನ್ ದ ಥೇಮ್ಸ್’, ಪ್ಯಾರಿಸ್ ‘ಆನ್ ದ ಸೇನ್’. ಇಲ್ಲಿ ‘ದಡ’ ಅನ್ನುವ ಮಾತು ‘ಆನ್’ ಒಳಗೇ ಅಡಗಿದೆ. ಅದನ್ನು ಬೇರೆಯಾಗಿ ಹೇಳಲೇಬೇಕು ಅಂತಿಲ್ಲ.

ನದಿ ಹೆಸರಿನ ಹಿಂದೆ ‘ದ’ ಬೇಕೇ ಬೇಕಾ? ನಾವು ‘ಆನ್ ಕಾವೇರಿ’ ಅಂತಾನೇ ಬರೀತೀವಿ.

ಬೇಕು. ಪ್ರೆಪೊಸಿಷನ್ ಸರಿ ಹಾಕಿ ‘ದ’ ಬಿಟ್ಟರೆ ವಾಕ್ಯ ಕುಂಟುತ್ತದೆ. ನದಿ, ಕಾಲುವೆ, ಸಮುದ್ರ, ಸಾಗರ: ಇವಕ್ಕೆಲ್ಲ ‘ದ’. ‘ದ ತುಂಗಭದ್ರಾ’, ‘ದ ಸೂಯೆಜ್ ಕೆನಾಲ್’, ‘ದ ಅರೇಬಿಯನ್ ಸೀ’. ಕೆರೆ ಸರೋವರಗಳಿಗೆ ಬೇಡ: ‘ಹಲಸೂರು ಲೇಕ್’, ‘ಲೇಕ್ ಸುಪೀರಿಯರ್’. ‘ಜೋಗ್ ಫಾಲ್ಸ್’ ಅನ್ನೋದಕ್ಕೂ ಬೇಡ. ಕೊಲ್ಲಿಗಳದ್ದು ಸ್ವಲ್ಪ ತಲೆಹರಟೆ. ‘ಆವ್’ ಇದ್ದರೆ ‘ದ’ ಬರುತ್ತದೆ, ‘ದ ಬೇ ಆವ್ ಬೆಂಗಾಲ್’. ‘ಆವ್’ ಇಲ್ಲದಿದ್ದರೆ ಸಾಮಾನ್ಯವಾಗಿ ಇಲ್ಲ, ‘ಹಡ್ಸನ್ ಬೇ’.

ಪೇಪರಿನ ಹೆಡ್‌ಲೈನ್‌ಗಳಲ್ಲಿ ಜಾಗ ಉಳಿಸಲು ‘ದ’ ಕಿತ್ತುಹಾಕುತ್ತಾರೆ. ಅದನ್ನು ನೋಡಿ ಕಲಿಯಬೇಡಿ.

‘ರಿವರ್ ಕಾವೇರಿ’ನಾ, ‘ಕಾವೇರಿ ರಿವರ್‌’ರಾ?

ಬ್ರಿಟಿಷರು ‘ದ ರಿವರ್ ಥೇಮ್ಸ್’ ಅಂತಾರೆ, ಅಮೆರಿಕದವರು ‘ದ ಹಡ್ಸನ್ ರಿವರ್’. ನಮ್ಮಲ್ಲಿ ಎರಡೂ ನಡೆಯುತ್ತವೆ. ಪ್ರೆಪೊಸಿಷನ್ ಇದರಿಂದ ಬದಲಾಗುವುದಿಲ್ಲ. ಒಂದೇ ಬರಹದಲ್ಲಿ ಎರಡನ್ನೂ ಬೆರೆಸದಿದ್ದರೆ ಸಾಕು.

ದಡಕ್ಕೆ ‘ಬ್ಯಾಂಕ್’ ಅಂತ ಬರೆದ್ಮೇಲೆ ಅದಕ್ಕೆ ‘ಇನ್’ ಹಾಕಬೇಕೋ, ‘ಆನ್’ ಹಾಕಬೇಕೋ?

‘ಆನ್’. ‘ಇನ್ ದ ಬ್ಯಾಂಕ್’ ಅಂದರೆ ದುಡ್ಡು ಕಟ್ಟಲು ಹೋದ ಹಾಗಾಗುತ್ತದೆ. ಲಂಡನ್ನಿನಲ್ಲಿ 2015ರ ನವೆಂಬರಿನಲ್ಲಿ ಅನಾವರಣವಾದ ಬಸವೇಶ್ವರರ ಪ್ರತಿಮೆಯನ್ನು ನೋಡಿ ಬಂದವರು ಇದನ್ನು ಜಾಸ್ತಿ ಕೇಳುತ್ತಾರೆ. ಆ ಪ್ರತಿಮೆ ಇರುವುದು ‘ಆನ್ ದ ಆಲ್ಬರ್ಟ್ ಎಂಬ್ಯಾಂಕ್‌ಮೆಂಟ್’. ‘ಆನ್ ದ ಬ್ಯಾಂಕ್ ಆವ್ ದ ಥೇಮ್ಸ್’ ಅಂದರೂ ಸರಿ, ಬರೀ ‘ಬೈ ದ ಥೇಮ್ಸ್’ ಅಂದರೂ ಸರಿ. ಆದರೆ ಪ್ರತಿಮೆಯನ್ನು ‘ಆನ್ ದ ಥೇಮ್ಸ್’ ಅಂದರೆ ಸ್ವಲ್ಪ ವಿಚಿತ್ರವಾಗಿ ಕೇಳುತ್ತದೆ. ಊರಿನಷ್ಟು ದೊಡ್ಡ ಜಾಗಕ್ಕೆ ಒಪ್ಪುವ ಗೆರೆಯ ನೋಟ, ಒಂದು ಕಲ್ಲುಪೀಠದಷ್ಟು ಚಿಕ್ಕ ಜಾಗಕ್ಕೆ ಹೊಂದುವುದಿಲ್ಲ.

ಎಡದಂಡೆ, ಬಲದಂಡೆ ಹೇಳುವಾಗಲೂ ‘ಆನ್’. ನದಿ ಹರಿಯುವ ಕಡೆಗೆ ಮುಖ ಮಾಡಿ ನಿಂತಾಗ ನಿಮ್ಮ ಎಡಗೈ ಕಡೆಯದು ಎಡದಂಡೆ. ಹಂಪಿ ‘ಆನ್ ದ ರೈಟ್ ಬ್ಯಾಂಕ್ ಆವ್ ದ ತುಂಗಭದ್ರಾ’, ಎದುರಿನ ಆನೆಗೊಂದಿ ‘ಆನ್ ದ ಲೆಫ್ಟ್ ಬ್ಯಾಂಕ್’. ‘ಬ್ಯಾಂಕ್ಸ್’ ಅಂತ ಬಹುವಚನ ಹಾಕಿದರೂ ತಪ್ಪಿಲ್ಲ. ಊರು ಒಂದೇ ದಡದಲ್ಲಿದ್ದರೂ ‘ಆನ್ ದ ಬ್ಯಾಂಕ್ಸ್ ಆವ್’ ಅನ್ನುವುದು ರೂಢಿ.

‘ಬೈ’, ‘ನಿಯರ್’, ‘ಅಲಾಂಗ್’ ಮೂರೂ ‘ಹತ್ತಿರ’ ಅಂತಾನೇ ಅಲ್ವಾ?

‘ಬೈ ದ ರಿವರ್’ ಅಂದರೆ ಪಕ್ಕದಲ್ಲೇ, ನೀರು ಕಾಣುವಷ್ಟು ಹತ್ತಿರ. ‘ನಿಯರ್’ ಅಂದರೆ ನಾಲ್ಕು ಕಿಲೋಮೀಟರ್ ದೂರವಿದ್ದರೂ ಆಗುತ್ತದೆ. ಹೋಂಸ್ಟೇ ಜಾಹೀರಾತು ಓದುವಾಗ ಈ ವ್ಯತ್ಯಾಸ ಉಪಯೋಗಕ್ಕೆ ಬರುತ್ತದೆ. ‘ಅಲಾಂಗ್’ ಹಾಕಲು ಉದ್ದ ಬೇಕು. ದಡದ ಉದ್ದಕ್ಕೂ ನಡೆದಿರಿ, ದಡದ ಉದ್ದಕ್ಕೂ ತೆಂಗಿನ ಸಾಲಿದೆ ಅನ್ನುವಾಗ ‘ಅಲಾಂಗ್’. ಒಂದೇ ಒಂದು ಮನೆ ‘ಅಲಾಂಗ್ ದ ರಿವರ್’ ಇರೋದು ಕಷ್ಟ.

## ನೀರಿನ ಒಳಗೆ, ನೀರಿನ ಮೇಲೆ

ಈಜಿದೆ, ಮುಳುಗಿದೆ, ಬಿದ್ದೆ: ಎಲ್ಲಕ್ಕೂ ‘ಇನ್’ ಸಾಕಾ?

ಈಜೋದಕ್ಕೆ, ಮುಳುಗೋದಕ್ಕೆ ‘ಇನ್’ ಸಾಕು, ಆ ಕೆಲಸ ನೀರಿನ ಒಳಗೇ ನಡೆಯುತ್ತದೆ. ಬೀಳೋದು ಬೇರೆ. ಮೊದಲು ಹೊರಗಿದ್ದು ಆಮೇಲೆ ಒಳಗೆ ಹೋಗುವುದು. ಈ ಹೊರಗಿನಿಂದ ಒಳಗಿನ ಚಲನೆಗೆ ‘ಇಂಟು’. ಮಂಡ್ಯ ಕಡೆಯ ವರದಿಗಳಲ್ಲಿ ವಿ.ಸಿ. (ವಿಶ್ವೇಶ್ವರಯ್ಯ) ನಾಲೆಗೆ ಕಾರು ಬಿದ್ದ ಸುದ್ದಿ ಆಗಾಗ ಬರುತ್ತದೆ. ಕಾರು ‘ಫೆಲ್ ಇಂಟು ದ ಕೆನಾಲ್’. ಕಾರು ಸಿಕ್ಕಿದ್ದು ‘ಇನ್ ದ ಕೆನಾಲ್’. ಕನ್ನಡದಲ್ಲೂ ನಾವು ‘ನಾಲೆಗೆ ಬಿತ್ತು’, ‘ನಾಲೆಯಲ್ಲಿ ಸಿಕ್ಕಿತು’ ಅಂತ ಬೇರೆ ಮಾಡುತ್ತೇವೆ. ‘ಗೆ’ ಬಂದ ಕಡೆ ‘ಇಂಟು’, ‘ಅಲ್ಲಿ’ ಬಂದ ಕಡೆ ‘ಇನ್’ ಅಂತ ಇಟ್ಟುಕೊಂಡರೆ ಬಹಳಷ್ಟು ಸಲ ದಾರಿ ತಪ್ಪುವುದಿಲ್ಲ.

ಮಾತಿನಲ್ಲಿ ‘ಫೆಲ್ ಇನ್ ದ ರಿವರ್’ ಅಂತಲೂ ಹೇಳುತ್ತಾರೆ. ಬರೆಯುವಾಗ ‘ಇಂಟು’ ಇರಲಿ. ಗಣೇಶನನ್ನು ಬಿಡೋದು, ಅಸ್ಥಿ ಬಿಡೋದು ಮಾತ್ರ ‘ಇಮರ್ಸ್ಡ್ ಇನ್’. ಆ ಕ್ರಿಯಾಪದದಲ್ಲೇ ‘ಒಳಗೆ’ ಅನ್ನುವ ಅರ್ಥ ಇರುವುದರಿಂದ ‘ಇಂಟು’ ಬೇಕಿಲ್ಲ.

‘ಇನ್ ಎ ಬೋಟ್’, ‘ಆನ್ ಎ ಬೋಟ್’, ‘ಬೈ ಬೋಟ್’: ಯಾವುದು?

ಕೂತು ಹೋಗುವ ಚಿಕ್ಕದು ‘ಇನ್’, ಎದ್ದು ಓಡಾಡಬಹುದಾದ ದೊಡ್ಡದು ‘ಆನ್’. ಹರಿಗೋಲಿನಲ್ಲಿ ಹೋದರೆ ‘ಇನ್ ಎ ಕೊರಾಕಲ್’. ಶರಾವತಿ ಹಿನ್ನೀರಿನ ಲಾಂಚಿನಲ್ಲಿ, ಬಸ್ಸು ಜೀಪುಗಳ ಜೊತೆ ನಿಂತು ಹೋದವರು ‘ಆನ್ ದ ಲಾಂಚ್’. ತೆಪ್ಪಕ್ಕೆ ಒಳಗು ಅಂತ ಏನೂ ಇಲ್ಲ, ಅದು ‘ಆನ್ ಎ ರಾಫ್ಟ್’. ಯಾವ ದೋಣಿ ಅನ್ನೋದು ಮುಖ್ಯವಲ್ಲ, ಹೇಗೆ ಹೋದಿರಿ ಅನ್ನೋದಷ್ಟೇ ಮುಖ್ಯ ಅಂದರೆ ‘ಬೈ ಬೋಟ್’. ಅಲ್ಲಿ ‘ಎ’, ‘ದ’ ಎರಡೂ ಬೇಡ.

ಹಡ್ಸನ್ ನದಿಗೆ ಇಳಿದ ವಿಮಾನ ‘ಆನ್ ದ ಹಡ್ಸನ್’ ಇಳೀತೋ, ‘ಇನ್ ದ ಹಡ್ಸನ್’ ಇಳೀತೋ?

ಇದು ನನಗೆ ತುಂಬಾ ಇಷ್ಟದ ಪ್ರಶ್ನೆ, ಯಾಕಂದರೆ ಎರಡೂ ಉತ್ತರಗಳಿಗೆ ದಾಖಲೆ ಇದೆ. 2009ರ ಜನವರಿ 15ರಂದು ನ್ಯೂಯಾರ್ಕಿನಿಂದ ಏರಿದ ವಿಮಾನದ ಎರಡೂ ಎಂಜಿನ್‌ಗಳಿಗೆ ಹಕ್ಕಿಗಳ ಹಿಂಡು ಬಡಿಯಿತು. ಎಂಜಿನ್‌ಗಳು ಬಲ ಕಳೆದುಕೊಂಡವು. ಹಿಂದಿರುಗುವಷ್ಟು ಎತ್ತರವೂ ಇರಲಿಲ್ಲ. ಕ್ಯಾಪ್ಟನ್ ಚೆಸ್ಲಿ ಸಲೆನ್‌ಬರ್ಗರ್ ರೇಡಿಯೋದಲ್ಲಿ, ನಾವು ‘ಇನ್ ದ ಹಡ್ಸನ್’ ಇರುತ್ತೇವೆ ಅಂದರು. ವಿಮಾನದಲ್ಲಿದ್ದ 155 ಜನರೂ ಬದುಕಿದರು. ಮರುದಿನದಿಂದ ಲೋಕವೆಲ್ಲ ಅದನ್ನು ‘ಮಿರಾಕಲ್ ಆನ್ ದ ಹಡ್ಸನ್’ ಅಂತ ಕರೆಯಿತು. ತನಿಖಾ ವರದಿಯ ಶೀರ್ಷಿಕೆಯಲ್ಲೂ ‘ಆನ್ ದ ಹಡ್ಸನ್ ರಿವರ್’ ಅಂತಲೇ ಇದೆ.

ಯಾರದ್ದು ತಪ್ಪು? ಯಾರದ್ದೂ ಅಲ್ಲ. ಕಾಕ್‌ಪಿಟ್ಟಿನಲ್ಲಿ ಕೂತವರಿಗೆ ಹಡ್ಸನ್ ಅಂದರೆ ಜನವರಿಯ ಕೊರೆಯುವ ನೀರು. ಇನ್ನು ಸ್ವಲ್ಪದರಲ್ಲಿ ತಾವು ಅದರೊಳಗೆ. ದಡದಿಂದ ನೋಡಿದವರಿಗೆ ಕಂಡದ್ದು ಮುಳುಗದೆ ನಿಂತ ವಿಮಾನ, ಅದರ ರೆಕ್ಕೆಗಳ ಮೇಲೆ ಸಾಲಾಗಿ ನಿಂತ ಜನ. ಅವರಿಗೆ ನದಿ ಒಂದು ಮೇಲ್ಮೈ. ವಿಮಾನ ಮುಳುಗಿಹೋಗಿದ್ದರೆ ‘ಆನ್’ ಅನ್ನಲು ಯಾರಿಗೂ ಬಾಯಿ ಬರುತ್ತಿರಲಿಲ್ಲ, ಎಲ್ಲರೂ ‘ಕ್ರ್ಯಾಶ್ಡ್ ಇನ್’ ಇಲ್ಲವೇ ‘ಇಂಟು’ ಅಂತಲೇ ಬರೆಯುತ್ತಿದ್ದರು.

ಶ್ರೀರಂಗಪಟ್ಟಣ ದ್ವೀಪ ಅಲ್ವಾ? ಅದಕ್ಕೂ ‘ಆನ್ ದ ಕಾವೇರಿ’ನಾ?

ದ್ವೀಪಕ್ಕೆ ‘ಇನ್’. ನಾಲ್ಕೂ ಕಡೆ ನೀರಿರುವುದರಿಂದ ಅದು ‘ಆ್ಯನ್ ಐಲೆಂಡ್ ಇನ್ ದ ಕಾವೇರಿ’. ಊರು ಇರುವುದು ದ್ವೀಪದ ಮೇಲೆ, ಅಂದರೆ ‘ಆನ್ ಆ್ಯನ್ ಐಲೆಂಡ್ ಇನ್ ದ ಕಾವೇರಿ’. ಒಂದೇ ಉಸಿರಲ್ಲಿ ಎರಡು ಪ್ರೆಪೊಸಿಷನ್, ಎರಡೂ ಬೇಕು. ರಂಗನತಿಟ್ಟಿನ ನಡುಗಡ್ಡೆಗಳೂ ‘ಇನ್’.

ಮಲ್ಪೆ ಹತ್ರದ ದ್ವೀಪಕ್ಕೆ ‘ಆಫ್ ಮಲ್ಪೆ’ ಅಂತ ಬರೆದಿದ್ರು. ಅದು ‘ಆವ್’ ಇರಬೇಕಲ್ವಾ?

ಇಲ್ಲ, ‘ಆಫ್’ ಸರಿ. ಎರಡು ‘ಎಫ್’ ಇರುವ ಈ ಪದಕ್ಕೆ ‘ತೀರದಿಂದ ಸ್ವಲ್ಪ ದೂರದಲ್ಲಿ, ಸಮುದ್ರದ ಕಡೆಗೆ’ ಅನ್ನುವ ಅರ್ಥ ಇದೆ. ಸೇಂಟ್ ಮೇರೀಸ್ ದ್ವೀಪಗಳು ‘ಆಫ್ ಮಲ್ಪೆ’, ನೇತ್ರಾಣಿ ‘ಆಫ್ ಮುರುಡೇಶ್ವರ’. ‘ಆಫ್ ದ ಕೋಸ್ಟ್ ಆವ್ ಕರ್ನಾಟಕ’ ಅಂದಾಗ ಇಬ್ಬರೂ ಒಂದೇ ಸಾಲಿನಲ್ಲಿ ಬರುತ್ತಾರೆ. ಮೊದಲನೆಯದು ದೂರ ಹೇಳುತ್ತದೆ, ಎರಡನೆಯದು ಯಾರ ಕರಾವಳಿ ಅಂತ ಹೇಳುತ್ತದೆ. ಮಂಗಳೂರು ಕರಾವಳಿಯಾಚೆ ಹಡಗಿಗೆ ಬೆಂಕಿ ಬಿದ್ದರೆ ಅದು ‘ಆಫ್ ಮಂಗಳೂರು’. ‘ಇನ್ ಮಂಗಳೂರು’ ಅಂದರೆ ಓದುವವರು ಬಂದರಿನೊಳಗೆ ಹುಡುಕುತ್ತಾರೆ.

## ದಾಟೋದು, ಕಟ್ಟೋದು

ಸೇತುವೆಗೆ ‘ಓವರ್’ ಸರಿನಾ, ‘ಅಕ್ರಾಸ್’ ಸರಿನಾ?

ಎರಡೂ ಸರಿ. ‘ಓವರ್’ ಅಂದಾಗ ಕಣ್ಣು ಎತ್ತರ ನೋಡುತ್ತದೆ, ಕೆಳಗೆ ನೀರು, ಮೇಲೆ ಸೇತುವೆ. ‘ಅಕ್ರಾಸ್’ ಅಂದಾಗ ಈ ದಡದಿಂದ ಆ ದಡ ನೋಡುತ್ತದೆ. 2025ರ ಜುಲೈನಲ್ಲಿ ಉದ್ಘಾಟನೆಯಾದ ಸಿಗಂದೂರು ಸೇತುವೆ ಅಂಬಾರಗೋಡ್ಲು ಮತ್ತು ಕಳಸವಳ್ಳಿ ನಡುವೆ ಸುಮಾರು 2.4 ಕಿಲೋಮೀಟರ್ ಉದ್ದ ಇದೆ. ಅಷ್ಟು ಅಗಲದ ಹಿನ್ನೀರಿಗೆ ‘ಅಕ್ರಾಸ್ ದ ಶರಾವತಿ ಬ್ಯಾಕ್‌ವಾಟರ್ಸ್’ ಚೆನ್ನಾಗಿ ಹೊಂದುತ್ತದೆ. ಮನೆ ಹತ್ತಿರದ ಹಳ್ಳದ ಮೇಲಿನ ಮೋರಿಯಂಥ ಸೇತುವೆಗೆ ‘ಓವರ್’ ಸಾಕು.

‘ಆನ್’ ಕೂಡ ಬರುತ್ತದೆ, ಸ್ವಲ್ಪ ಕಡಿಮೆ. ಥಾಯ್ಲೆಂಡಿನ ಕ್ವಾಯ್ ನದಿಯ ಸೇತುವೆಯ ಬಗ್ಗೆ ಬಂದ ಫ್ರೆಂಚ್ ಕಾದಂಬರಿಯ ಇಂಗ್ಲಿಷ್ ಅನುವಾದದ ಹೆಸರಿನಲ್ಲಿ ‘ಓವರ್’ ಇತ್ತು. 1957ರಲ್ಲಿ ಅದೇ ಸಿನಿಮಾ ಆದಾಗ ‘ಆನ್’ ಆಯಿತು. ಅಲ್ಲಿ ಸೇತುವೆ ನದಿಯ ಉದ್ದದ ಗೆರೆ ಮೇಲಿನ ಒಂದು ಜಾಗ ಅನ್ನುವ ನೋಟ.

ನಮ್ಮ ಪೇಪರುಗಳಲ್ಲಿ ‘ಡ್ಯಾಮ್ ಅಕ್ರಾಸ್ ದ ಕಾವೇರಿ’ ಅಂತ ಬರುತ್ತೆ, ಅಮೆರಿಕದಲ್ಲಿರೋ ಮಗ ‘ಆನ್’ ಅನ್ನಬೇಕು ಅಂತಾನೆ. ಯಾರು ಸರಿ?

ಮಗನಿಗೂ ಬೇಸರ ಮಾಡಬೇಡಿ, ಪೇಪರನ್ನೂ ಬೈಯಬೇಡಿ. ಅಲ್ಲಿ ‘ಹೂವರ್ ಡ್ಯಾಮ್ ಆನ್ ದ ಕೊಲರಾಡೋ’ ಅನ್ನುವುದು ಸಹಜ. ನಮ್ಮಲ್ಲಿ ‘ಲಿಂಗನಮಕ್ಕಿ ಡ್ಯಾಮ್ ಅಕ್ರಾಸ್ ದ ಶರಾವತಿ’ ಅಂತ ಬರೆದು ರೂಢಿ. ‘ಬಿಲ್ಟ್’ ಅನ್ನುವ ಕ್ರಿಯಾಪದ ಜೊತೆಗಿದ್ದರೆ ‘ಬಿಲ್ಟ್ ಅಕ್ರಾಸ್’ ಎಲ್ಲ ದೇಶದಲ್ಲೂ ಸಲೀಸು. ಕಟ್ಟುವಾಗ ಅಡ್ಡಲಾಗಿಯೇ ಕಟ್ಟಬೇಕಲ್ಲ! ಕಟ್ಟಿ ಮುಗಿದು, ಎಲ್ಲಿದೆ ಅಂತ ಹೇಳುವಾಗ ‘ಆನ್’. ಆಲಮಟ್ಟಿ ‘ಆನ್ ದ ಕೃಷ್ಣಾ’.

‘ಓವರ್’ ಮಾತ್ರ ಅಣೆಕಟ್ಟೆಗೆ ಬೇಡ. ಅಣೆಕಟ್ಟೆಯ ಅಡಿಯಲ್ಲಿ ನದಿ ಹಾಯಾಗಿ ಹರಿದು ಹೋಗುತ್ತಿದ್ದರೆ ಅದನ್ನು ಕಟ್ಟಿದ್ದಾದರೂ ಯಾಕೆ?

‘ಐ ಕ್ರಾಸ್ಡ್ ಅಕ್ರಾಸ್ ದ ರಿವರ್’ ಅಂದ್ರೆ ತಪ್ಪಾ?

ತಪ್ಪು. ‘ಕ್ರಾಸ್ಡ್ ದ ರಿವರ್’, ಅಷ್ಟೇ. ‘ಜಾಯಿನ್’ ಕೂಡ ಹಾಗೇ: ಕಬಿನಿ ‘ಜಾಯಿನ್ಸ್ ದ ಕಾವೇರಿ’, ನಡುವೆ ‘ವಿತ್’ ಬೇಡ, ‘ಟು’ ಬೇಡ. ಬೇರೆ ಕ್ರಿಯಾಪದ ಇದ್ದರೆ ಪ್ರೆಪೊಸಿಷನ್ ವಾಪಸ್ ಬರುತ್ತದೆ: ‘ಸ್ವಾಮ್ ಅಕ್ರಾಸ್ ದ ರಿವರ್’.

ಹಡಗು ಸೂಯೆಜ್ ಕಾಲುವೆ ‘ಆನ್’ ಹೋಗುತ್ತಾ, ‘ಇನ್’ ಹೋಗುತ್ತಾ?

ಹೋಗುವುದಾದರೆ ‘ಥ್ರೂ’. ಒಂದು ತುದಿಯಿಂದ ಹೊಕ್ಕು ಇನ್ನೊಂದು ತುದಿಯಿಂದ ಹೊರಬರುವ ಇಕ್ಕಟ್ಟಾದ ದಾರಿಗೆ ಈ ಪದ ಹೇಳಿ ಮಾಡಿಸಿದ್ದು. ಪನಾಮಾ ಕಾಲುವೆಗೂ ಇದೇ. ನಿಂತುಬಿಟ್ಟರೆ ‘ಇನ್’: 2021ರ ಮಾರ್ಚ್ 23ರಂದು ಸುಮಾರು 400 ಮೀಟರ್ ಉದ್ದದ ‘ಎವರ್ ಗಿವನ್’ ಹಡಗು ಅಡ್ಡಡ್ಡ ತಿರುಗಿ ‘ಇನ್ ದ ಸೂಯೆಜ್ ಕೆನಾಲ್’ ಸಿಕ್ಕಿಕೊಂಡಿತು, 29ರಂದು ಬಿಡಿಸಿಕೊಂಡಿತು. ಅಷ್ಟು ದಿನ ಬೇರೆ ಯಾವ ಹಡಗೂ ‘ಥ್ರೂ’ ಹೋಗಲಾಗಲಿಲ್ಲ.

ಕಾಲುವೆ ಬದಿಯ ಮನೆಗೆ ಮತ್ತೆ ‘ಆನ್’. ವೆನಿಸ್ಸಿನ ಅರಮನೆಗಳು ‘ಆನ್ ದ ಗ್ರ್ಯಾಂಡ್ ಕೆನಾಲ್’. ಆ್ಯಮ್‌ಸ್ಟರ್‌ಡ್ಯಾಮಿನಲ್ಲಿ ಕಾಲುವೆಯ ಹೆಸರೇ ಬೀದಿಯ ಹೆಸರೂ ಆಗಿರುವುದರಿಂದ ಡೈರಿ ಬರೆದ ಹುಡುಗಿ ಆ್ಯನ್ ಫ್ರಾಂಕಳ ಮನೆ ‘ಆನ್ ದ ಪ್ರಿನ್ಸೆನ್‌ಗ್ರಾಹ್ಟ್’ ಅಂದರೆ ಬೀದಿಯೂ ಆಯಿತು, ನೀರೂ ಆಯಿತು.

ನಮ್ಮ ಜಮೀನು ನಾಲೆ ಅಚ್ಚುಕಟ್ಟಿಗೆ ಸೇರಿದೆ. ಅರ್ಜಿಯಲ್ಲಿ ‘ಅಂಡರ್ ದ ಕೆನಾಲ್’ ಅಂತ ಬರೆದಿದ್ದಾರೆ. ಕಾಲುವೆ ಅಡಿಯಲ್ಲಿ ಜಮೀನು ಅಂತಾಗಲ್ವಾ?

ನಮ್ಮ ನೀರಾವರಿ ಎಂಜಿನಿಯರುಗಳ ಇಂಗ್ಲಿಷಿನಲ್ಲಿ ಅದು ಸರಿಯಾದ ಮಾತು. ‘ಲ್ಯಾಂಡ್ಸ್ ಅಂಡರ್ ದ ಕೆನಾಲ್’, ‘ಆಯಕಟ್ ಅಂಡರ್ ದ ಟ್ಯಾಂಕ್’ ಅಂದರೆ ಆ ನಾಲೆಯ, ಆ ಕೆರೆಯ ನೀರು ಹಾಯುವ ಜಮೀನು. ಹಳ್ಳಿಯಲ್ಲಿ ‘ಕೆರೆ ಕೆಳಗಿನ ಗದ್ದೆ’ ಅನ್ನುವುದಿಲ್ಲವೇ, ಹಾಗೆಯೇ. ಕೆರೆ ಏರಿಯಿಂದ ಇಳಿಜಾರಿನಲ್ಲಿ ತೂಬಿನ ನೀರು ಹೋಗುವ ಗದ್ದೆಗಳು ನಿಜವಾಗಿಯೂ ಕೆಳಗೇ ಇರುತ್ತವೆ.

ಅರ್ಜಿ ಇಲ್ಲಿನ ಕಚೇರಿಗಾದರೆ ಹಾಗೇ ಬಿಡಿ, ಅವರಿಗೆ ಅದೇ ಅರ್ಥವಾಗುವುದು. ಲಂಡನ್ನಿನ ಬ್ಯಾಂಕಿಗೋ ವಿದೇಶದ ವಿಶ್ವವಿದ್ಯಾಲಯಕ್ಕೋ ಬರೆಯುವುದಾದರೆ ‘ಇರಿಗೇಟೆಡ್ ಬೈ ದ ಕೆನಾಲ್’ ಅನ್ನಿ. ಅಲ್ಲಿಯವರಿಗೆ ‘ಅಂಡರ್ ದ ಕೆನಾಲ್’ ಅಂದರೆ ಸುರಂಗವೇ ಕಣ್ಣಿಗೆ ಬರುತ್ತದೆ.

## ಹುಟ್ಟಿ, ಹರಿದು, ಸೇರೋದು

ನದಿ ಹುಟ್ಟೋದಕ್ಕೆ ‘ಫ್ರಮ್’, ‘ಇನ್’, ‘ಅಟ್’ ಮೂರೂ ನೋಡಿದೀನಿ. ಪ್ರಬಂಧದಲ್ಲಿ ಯಾವುದು ಬರೆಸಲಿ?

ಜಾಗದ ಅಳತೆ ನೋಡಿ. ಬೆರಳಿಟ್ಟು ತೋರಿಸಬಹುದಾದ ಜಾಗಕ್ಕೆ ‘ಅಟ್’, ಹರಡಿಕೊಂಡ ಜಾಗಕ್ಕೆ ‘ಇನ್’. ಕಾವೇರಿ ‘ಅಟ್ ತಲಕಾವೇರಿ’ ಹುಟ್ಟುತ್ತದೆ, ‘ಇನ್ ದ ವೆಸ್ಟರ್ನ್ ಘಾಟ್ಸ್’ ಹುಟ್ಟುತ್ತದೆ. ‘ಒರಿಜಿನೇಟ್ಸ್ ಫ್ರಮ್’ ನಮ್ಮ ಪಠ್ಯಗಳಲ್ಲಿ ಸಿಗುತ್ತದೆ, ಆದರೆ ‘ರೈಸಸ್ ಅಟ್’, ‘ರೈಸಸ್ ಇನ್’ ಹೆಚ್ಚು ಚೊಕ್ಕ.

ಮಕ್ಕಳಿಗೆ ಬರೆಸಲು ಶರಾವತಿ ಒಳ್ಳೆಯ ನದಿ. 128 ಕಿಲೋಮೀಟರಿನ ಚಿಕ್ಕ ಓಟದಲ್ಲಿ ಬೇಕಾದ ಪ್ರೆಪೊಸಿಷನ್‌ಗಳು ಬಂದುಬಿಡುತ್ತವೆ. ‘ದ ಶರಾವತಿ ರೈಸಸ್ ಅಟ್ ಅಂಬುತೀರ್ಥ ಇನ್ ತೀರ್ಥಹಳ್ಳಿ ತಾಲೂಕ್’. ಆಮೇಲೆ ‘ಫ್ಲೋಸ್ ಥ್ರೂ ಶಿವಮೊಗ್ಗ ಆ್ಯಂಡ್ ಉತ್ತರ ಕನ್ನಡ’, ಜಿಲ್ಲೆಗಳನ್ನು ಹಾದು ಹೋಗುವುದರಿಂದ ‘ಥ್ರೂ’. ‘ಪ್ಲಂಜಸ್ 253 ಮೀಟರ್ಸ್ ಅಟ್ ಜೋಗ್ ಫಾಲ್ಸ್’, ಒಂದು ಬಿಂದುವಿನಲ್ಲಿ ಧುಮುಕುವುದರಿಂದ ‘ಅಟ್’. ಕೊನೆಗೆ ‘ಫ್ಲೋಸ್ ಇಂಟು ದ ಅರೇಬಿಯನ್ ಸೀ ಅಟ್ ಹೊನ್ನಾವರ’.

ಊರಿನ ಮಗ್ಗುಲಲ್ಲಿ ಹರಿದರೆ ‘ಥ್ರೂ’ ಬೇಡ, ‘ಪಾಸ್ಟ್’ ಹಾಕಿ. ತುಂಗಭದ್ರೆ ಹಂಪಿಯ ‘ಪಾಸ್ಟ್’ ಹರಿಯುತ್ತಾಳೆ. ಥೇಮ್ಸ್ ಲಂಡನ್ನಿನ ನಟ್ಟನಡುವೆ ಹಾಯುವುದರಿಂದ ಅದು ‘ಥ್ರೂ ಲಂಡನ್’.

ಸಂಗಮಕ್ಕೆ?

‘ಅಟ್’. ಕೂಡ್ಲಿ ಇರುವುದು ‘ಅಟ್ ದ ಕಾನ್‌ಫ್ಲುಯೆನ್ಸ್ ಆವ್ ದ ತುಂಗಾ ಆ್ಯಂಡ್ ದ ಭದ್ರಾ’. ಎರಡು ಹೆಸರಿಗೂ ಬೇರೆ ಬೇರೆ ‘ದ’ ಇದೆ, ಗಮನಿಸಿ. ಕೂಡಲಸಂಗಮಕ್ಕೂ ಹೀಗೆಯೇ, ಕೃಷ್ಣಾ ಮತ್ತು ಮಲಪ್ರಭಾ.

‘ಅಪ್‌ಸ್ಟ್ರೀಮ್ ಆವ್’ ಸರಿನಾ, ‘ಅಪ್‌ಸ್ಟ್ರೀಮ್ ಫ್ರಮ್’ ಸರಿನಾ?

ಎರಡೂ ನಡೆಯುತ್ತವೆ. ವರದಿಗಳಲ್ಲಿ ‘ಆವ್’ ಜಾಸ್ತಿ. ನದಿಯ ಹೆಸರಿಗೆ ಇವನ್ನು ಅಂಟಿಸಬೇಡಿ, ಜಾಗದ ಹೆಸರಿಗೆ ಅಂಟಿಸಿ: ‘ಡೌನ್‌ಸ್ಟ್ರೀಮ್ ಆವ್ ಕೆ.ಆರ್.ಎಸ್.’. ನದಿಯಲ್ಲೇ ಸಾಗುತ್ತಿದ್ದರೆ ‘ಅಪ್ ದ ಥೇಮ್ಸ್’, ‘ಡೌನ್ ದ ಥೇಮ್ಸ್’ ಅಂದರೆ ಸಾಕು.

ಈ ಮೇಲು ಕೆಳಗಿನಿಂದ ಹುಟ್ಟಿದ ಎರಡು ನುಡಿಗಟ್ಟುಗಳನ್ನು ಬೆರೆಸಬೇಡಿ. ‘ಸೋಲ್ಡ್ ಡೌನ್ ದ ರಿವರ್’ ಅಂದರೆ ನಂಬಿದವರಿಂದ ಮೋಸ ಹೋಗೋದು. ಅಮೆರಿಕದಲ್ಲಿ ಗುಲಾಮರನ್ನು ಮಿಸಿಸಿಪ್ಪಿಯ ಕೆಳಹರಿವಿನ, ಇನ್ನೂ ಕ್ರೂರವಾದ ತೋಟಗಳಿಗೆ ಮಾರುತ್ತಿದ್ದ ಕಾಲದ ಮಾತು ಅದು. ‘ಸೆಂಟ್ ಅಪ್ ದ ರಿವರ್’ ಅಂದರೆ ಜೈಲಿಗೆ ಹೋಗೋದು. ನ್ಯೂಯಾರ್ಕಿನಿಂದ ಹಡ್ಸನ್ ನದಿಯ ಮೇಲ್ಗಡೆ ಸಿಂಗ್ ಸಿಂಗ್ ಸೆರೆಮನೆ ಇದೆ.

ಕೆ.ಆರ್.ಎಸ್. ನೀರಿನ ಮಟ್ಟ ಬರೆಯುವಾಗ ತಲೆ ಕೆಡುತ್ತೆ. ಒಳಹರಿವು, ಹೊರಹರಿವು, ಮಟ್ಟ, ಎಲ್ಲಕ್ಕೂ ಬೇರೆ ಬೇರೆನಾ?

ಹೌದು, ಆದರೆ ಲೆಕ್ಕ ಸುಲಭ. ಒಳಹರಿವು ‘ಇಂಟು’, ಹೊರಹರಿವು ‘ಫ್ರಮ್’. ಮಟ್ಟ ಹೇಳುವಾಗ ‘ಅಟ್’: ತುಂಬಿದಾಗ ನೀರಿನ ಮಟ್ಟ ‘ಸ್ಟುಡ್ ಅಟ್ 124.80 ಫೀಟ್’. ನೀರು ಬಿಟ್ಟಾಗ ‘ಫ್ರಮ್’ ಮತ್ತು ‘ಇಂಟು’ ಎರಡೂ ಬರುತ್ತವೆ, ‘ಫ್ರಮ್ ಕೆ.ಆರ್.ಎಸ್. ಇಂಟು ದ ರಿವರ್’. ಪಡೆಯುವವರ ಹೆಸರು ಹೇಳಿದರೆ ‘ಟು’, ‘ರಿಲೀಸ್ಡ್ ಟು ತಮಿಳುನಾಡು’. ತಮಿಳುನಾಡಿಗೆ ಹೋಗುವ ನೀರನ್ನು ಅಳೆಯುವ ಜಾಗ ಮತ್ತೆ ಬಿಂದು, ‘ಅಟ್ ಬಿಳಿಗುಂಡ್ಲು’.

## ಕೆರೆ, ಕಡಲು ಮತ್ತು ಕೆಲವು ತಿರುವುಗಳು

ಅಮೆರಿಕದ ಸ್ನೇಹಿತ ‘ಹೌಸ್ ಆನ್ ದ ಲೇಕ್’ ತಗೊಂಡೆ ಅಂದ. ಕೆರೆ ಮೇಲೆ ಮನೆನಾ?

ಕೆರೆ ದಂಡೆಯ ಮನೆ, ಅಂಗಳದ ತುದಿಗೇ ನೀರು. ಅಲ್ಲಿ ಅದು ಹೆಮ್ಮೆಯ ಮಾತು, ಬೆಲೆಯೂ ಜಾಸ್ತಿ. ಬೆಂಗಳೂರಿನಲ್ಲಿ ಹಾಗೆ ಹೇಳಿದರೆ ಕೇಳಿದವರು ಮೊದಲು ಕಾಗದಪತ್ರ ಸರಿ ಇದೆಯಾ ಅಂತ ವಿಚಾರಿಸುತ್ತಾರೆ. ಕೆರೆ ಒಣಗಿಸಿ ಅದರ ಅಂಗಳದಲ್ಲೇ ಕಟ್ಟಿದ್ದಾದರೆ ಇಂಗ್ಲಿಷಿನಲ್ಲಿ ‘ಆನ್ ದ ಬೆಡ್ ಆವ್’ ಅನ್ನಬೇಕು. ಮೆಜೆಸ್ಟಿಕ್ ಬಸ್ ನಿಲ್ದಾಣ ‘ಆನ್ ದ ಬೆಡ್ ಆವ್ ಧರ್ಮಾಂಬುಧಿ ಟ್ಯಾಂಕ್’. ಕಂಠೀರವ ಕ್ರೀಡಾಂಗಣ ಸಂಪಂಗಿ ಕೆರೆಯದ್ದು. ಮಳೆಗಾಲದಲ್ಲಿ ಅಪಾರ್ಟ್‌ಮೆಂಟಿನ ನೆಲಮಹಡಿ ಮುಳುಗಿದಾಗ ‘ಇನ್ ದ ಲೇಕ್’ ಅಂದರೂ ಯಾರೂ ತಿದ್ದಲಾರರು.

ಸಮುದ್ರಕ್ಕೆ ಯಾವುದು? ‘ಅಟ್ ಸೀ’ ಅಂತಾರೆ, ‘ಇನ್ ದ ಸೀ’ ಅಂತಾರೆ, ಹವಾಮಾನದವರು ‘ಓವರ್’ ಅಂತಾರೆ.

‘ಇನ್ ದ ಸೀ’ ಅಂದರೆ ನೀರಿನಲ್ಲಿ: ಈಜುವವರು, ಮೀನು, ದ್ವೀಪ. ಅಂಡಮಾನ್ ‘ಇನ್ ದ ಬೇ ಆವ್ ಬೆಂಗಾಲ್’. ‘ಅಟ್ ಸೀ’ ಅಂದರೆ ದಡ ಬಿಟ್ಟು ಕಡಲ ಪಯಣದಲ್ಲಿ. ಅಲ್ಲಿ ‘ದ’ ಇಲ್ಲ. ಮೀನುಗಾರ ವಾರಗಟ್ಟಲೆ ‘ಅಟ್ ಸೀ’ ಇರುತ್ತಾನೆ, ಬೋಟು ಮಗುಚಿದರೆ ‘ಇನ್ ದ ಸೀ’ ಆಗುತ್ತಾನೆ. ಮಂಗಳೂರು, ಕಾರವಾರ ‘ಆನ್ ದ ಅರೇಬಿಯನ್ ಸೀ’, ನದಿದಡದ ಊರಿನ ನಿಯಮವೇ.

ಹವಾಮಾನ ಇಲಾಖೆಯವರು ‘ಡಿಪ್ರೆಶನ್ ಓವರ್ ದ ಅರೇಬಿಯನ್ ಸೀ’ ಅನ್ನುವುದು ಯಾಕಂದರೆ ವಾಯುಭಾರ ಕುಸಿತ ಆಗುವುದು ಗಾಳಿಯಲ್ಲಿ. ಅದು ನೀರಿನ ಮೇಲ್ಗಡೆ ಇರುವ ಸಂಗತಿ. ವರದಿಗಾರರು ಅದನ್ನು ‘ಇನ್’ ಮಾಡುವುದುಂಟು, ಅರ್ಥ ಕೆಡುವುದಿಲ್ಲ. ಬುಲೆಟಿನ್ನಿನ ‘ಓವರ್’ ಹೆಚ್ಚು ನಿಖರ.

‘ಸ್ಟ್ರಾಟ್‌ಫರ್ಡ್ ಅಪಾನ್ ಏವನ್’ ಅಂತಾರಲ್ಲ, ನಾನೂ ‘ಶಿವಮೊಗ್ಗ ಅಪಾನ್ ತುಂಗಾ’ ಅನ್ನಬಹುದಾ?

ತಮಾಷೆಗೆ ಅನ್ನಿ. ಅಲ್ಲಿ ಅದು ಊರಿನ ಹೆಸರಿನದೇ ಭಾಗ. ನ್ಯೂಕಾಸಲ್ ಅಪಾನ್ ಟೈನ್, ಹೆನ್ಲಿ ಆನ್ ಥೇಮ್ಸ್, ಸ್ಟೋಕ್ ಆನ್ ಟ್ರೆಂಟ್ ಎಲ್ಲ ಹಾಗೆಯೇ. ಊರಿನ ಹೆಸರಾಗಿ ಗಟ್ಟಿಯಾದ್ದರಿಂದ ‘ದ’ ಕೂಡ ಉದುರಿಹೋಗಿದೆ. ಬಹುಶಃ ನಮ್ಮವರು ‘ದ’ ಬಿಡಲು ಈ ಹೆಸರುಗಳೂ ಒಂದು ಕಾರಣ. ಸಾಮಾನ್ಯ ವಾಕ್ಯದಲ್ಲಿ ‘ಅಪಾನ್’ ಹಳೆಯ ಗತ್ತಿನ ಮಾತು. ‘ಆನ್ ದ ತುಂಗಾ’ ಸಾಕು.

‘ಡಿಸ್ಪ್ಯೂಟ್ ಓವರ್ ಕಾವೇರಿ’, ‘ಟಾಕ್ಸ್ ಆನ್ ಕಾವೇರಿ’: ಇಲ್ಲಿ ಸೇತುವೆನೂ ಇಲ್ಲ, ದೋಣಿನೂ ಇಲ್ಲವಲ್ಲ?

ಇಲ್ಲಿ ನದಿ ಜಾಗ ಅಲ್ಲ, ವಿಷಯ. ಜಗಳ, ವಾದ, ತಕರಾರಿಗೆ ‘ಓವರ್’, ಮಾತುಕತೆ, ತೀರ್ಪು, ವರದಿಗೆ ‘ಆನ್’. ಪಕ್ಷಗಳನ್ನು ಹೇಳುವಾಗ ‘ಬಿಟ್ವೀನ್’: ‘ದ ಡಿಸ್ಪ್ಯೂಟ್ ಬಿಟ್ವೀನ್ ಕರ್ನಾಟಕ ಆ್ಯಂಡ್ ತಮಿಳುನಾಡು ಓವರ್ ದ ಕಾವೇರಿ’. ‘ಆ್ಯಂಡ್’ ಜಾಗದಲ್ಲಿ ‘ಟು’ ಹಾಕಬೇಡಿ, ಅದು ಬಹಳ ಸಲ ಕಾಣುವ ತಪ್ಪು. ನೀರಿನ ಹಂಚಿಕೆ ಅಂತ ಬಿಡಿಸಿ ಹೇಳಿದರೆ ಇನ್ನೂ ಸ್ಪಷ್ಟ, ‘ಓವರ್ ದ ಶೇರಿಂಗ್ ಆವ್ ಕಾವೇರಿ ವಾಟರ್ಸ್’. ‘ವಾಟರ್ಸ್’ ಅಂತ ಬಹುವಚನ ಕಂಡು ತಿದ್ದಲು ಹೋಗಬೇಡಿ. ಹಲವು ಹೊಳೆಗಳು ಸೇರಿದ ನದಿಯ ನೀರಿಗೆ ಕಾನೂನಿನ ಇಂಗ್ಲಿಷಿನಲ್ಲಿ ಹಾಗೇ ಬರೆಯುತ್ತಾರೆ.

‘ಮೀಟಿಂಗ್ ಆನ್ ದ ಕಾವೇರಿ’ ಮಾತ್ರ ಎರಡು ಅರ್ಥ ಕೊಡುತ್ತದೆ. ಕಾವೇರಿ ಬಗ್ಗೆ ಸಭೆಯೋ, ಕಾವೇರಿಯಲ್ಲಿ ದೋಣಿ ಮೇಲೆ ಸಭೆಯೋ? ಸಭೆ ವಿಧಾನಸೌಧದಲ್ಲಿ ನಡೆಯಿತು ಅಂತ ಪಕ್ಕದಲ್ಲೇ ಬರೆದುಬಿಡಿ.